ಶುಶ್ರೂಷೆಗೆ ಸಿದ್ಧತೆ: ಅದನ್ನು ಅಳೆಯುವುದು ಹೇಗೆ?

ರೋಗವನ್ನು ಕುರಿತು ಬರೆದವರು ಬಹಳ ಮಂದಿ. ರೋಗಿಯನ್ನು ಕುರಿತು ಬರೆದವರೂ ಉಂಟು. ಆದರೆ ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕುಳಿತವರನ್ನು ಕುರಿತು ಬರೆದವರು ವಿರಳ. ಪಾರ್ಶ್ವವಾಯು, ನಮ್ಮ ಕಡೆಯವರ ಬಾಯಲ್ಲಿ ಲಕ್ವ, ಒಬ್ಬರಿಗೆ ಬಡಿದರೆ ಅದರ ಪೆಟ್ಟು ಇಡೀ ಮನೆಗೆ ತಾಗುತ್ತದೆ. ಆ ಮನೆಯಲ್ಲಿ ಆರೈಕೆಯ ಭಾರವನ್ನು ಹೊರುವವರು, ಹೆಂಡತಿಯಾಗಲಿ, ಸೊಸೆಯಾಗಲಿ, ಮಗನಾಗಲಿ, ಆ ಕೆಲಸಕ್ಕೆ ತಾವು ಎಷ್ಟರ ಮಟ್ಟಿಗೆ ಸಿದ್ಧರೆಂದು ಭಾವಿಸುತ್ತಾರೆ? ಆ ಭಾವನೆಯನ್ನು ಅಳೆಯಲು ಬರುತ್ತದೆಯೆ? ಬರುವುದಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಆ ಅಳತೆಯನ್ನು ಹೇಗೆ ಮಾಡಬೇಕು? ಇವೇ ಈ ಲೇಖನದಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆಗಳು. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ, ಸಮಾಜಶಾಸ್ತ್ರದ ವಿದ್ಯಾರ್ಥಿ. ಆದರೆ ವಿಷಯವು ನನ್ನ ಮನೆಯ ಬಾಗಿಲಿಗೇ ಬಂದುದರಿಂದ ಅದನ್ನು ಓದಿಕೊಳ್ಳಬೇಕಾಯಿತು.

ಮನೆಯ ಒಂದು ಅನುಭವ

ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಅಜ್ಜನಿಗೆ ಲಕ್ವ ಹೊಡೆಯಿತು. ನಮ್ಮದು ಸಿದ್ದಾಪುರ ತಾಲ್ಲೂಕಿನ ಹಳ್ಳಿ. ತೋಟದ ಅಂಚಿಗೆ ಒಂಟಿ ಮನೆ. ಡಾಂಬರು ರಸ್ತೆಗೆ ಬರಲು ಒಂದು ಕಿಲೋಮೀಟರು ನಡೆಯಬೇಕು. ಅಜ್ಜನ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡು ಜೀವ ಉಳಿಸಿದರು. ಮನೆಗೆ ಕಳುಹಿಸುವ ದಿನ ವೈದ್ಯರು ಅಮ್ಮಮ್ಮನನ್ನು ಕೇಳಿದರು: "ಮನೆಯಲ್ಲಿ ನೋಡಿಕೊಳ್ಳಲು ತಯಾರಿದ್ದೀರಲ್ಲ?" ಅಮ್ಮಮ್ಮ ತಡಮಾಡದೆ ಉತ್ತರ ಕೊಟ್ಟಳು: "ನಮ್ಮನೆ ಮನುಷ್ಯನ್ನ ನಾ ನೋಡ್ದೇ ಮತ್ಯಾರು ನೋಡವು?"

ಮನೆಗೆ ಬಂದ ಮೂರನೆಯ ದಿನ ಅಜ್ಜ ಮಲಗಿದ್ದಂತೆಯೇ ಅಮ್ಮಮ್ಮ ಗಂಜಿ ಕುಡಿಸಿದಳು. ಕೆಮ್ಮು ಬಂತು. ಮರುದಿನ ರಾತ್ರಿ ಜ್ವರ ಏರಿತು. ಗಂಜಿ ಶ್ವಾಸನಾಳಕ್ಕೆ ಇಳಿದು ಎದೆಯಲ್ಲಿ ಸೋಂಕಾಗಿತ್ತು. ಮತ್ತೆ ಆಸ್ಪತ್ರೆ, ಮತ್ತೆ ಎಂಟು ದಿನ. ಇತ್ತ ಅಪ್ಪಯ್ಯ, ಅಜ್ಜನನ್ನು ಏಳಿಸುವಾಗಲೆಲ್ಲ ಬಲವಿಲ್ಲದ ಕೈಯನ್ನೇ ಹಿಡಿದು ಎಳೆಯುತ್ತಿದ್ದ. ಭುಜ ಬಾತುಕೊಂಡು ತಿಂಗಳುಗಟ್ಟಲೆ ನೋವು ಕೊಟ್ಟಿತು. ಪ್ರೀತಿಯಲ್ಲಿ ಕೊರತೆಯಿತ್ತೆ? ಇಲ್ಲ. ಶ್ರಮದಲ್ಲಿ? ಅದೂ ಇಲ್ಲ. ಲಕ್ವ ಹೊಡೆದವರನ್ನು ನೆಟ್ಟಗೆ ಕೂರಿಸಿಯೇ ಉಣಿಸಬೇಕು, ಬಿದ್ದುಹೋದ ಕೈಯನ್ನು ಎಳೆಯಬಾರದು, ಈ ಎರಡು ಮಾತನ್ನು ಮಾಡಿ ತೋರಿಸಿದವರು ಇರಲಿಲ್ಲ. ಎರಡನೆಯ ಸಲ ಸೇರಿಸಿದಾಗ ಒಬ್ಬ ದಾದಿ ಕಾಲು ಗಂಟೆಯಲ್ಲಿ ಅವೆರಡನ್ನೂ ಕಲಿಸಿಕೊಟ್ಟಳು. ಆ ಕಾಲು ಗಂಟೆ ಮೊದಲೇ ಸಿಕ್ಕಿದ್ದರೆ, ಎಂದು ಇಂದಿಗೂ ಅನಿಸುತ್ತದೆ.

ರೋಗದ ಸ್ವರೂಪ

ಮಿದುಳಿಗೆ ಹೋಗುವ ರಕ್ತನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಂಡರೆ, ಅಥವಾ ಒಡೆದು ರಕ್ತ ಸೋರಿದರೆ, ಪಾರ್ಶ್ವವಾಯು ಆಗುತ್ತದೆ. ಮೊದಲನೆಯ ಬಗೆಯೇ ಹೆಚ್ಚು. ಅಂತಹ ರೋಗಿಗೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುತ್ತದೆ. ಬಹುಮಂದಿಗೆ ಮಾತಿನ ಕೇಂದ್ರವೂ ಎಡಭಾಗದಲ್ಲಿಯೇ ಇರುವುದರಿಂದ ಮಾತೂ ಹೋಗಬಹುದು. ೨೦೧೬ರ ಜಾಗತಿಕ ಲೆಕ್ಕಾಚಾರದಂತೆ ೨೫ ವರ್ಷ ದಾಟಿದ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಈ ರೋಗ ತಗಲುವ ಸಂಭವವಿದೆ.

ಇತರ ರೋಗಗಳಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಕ್ಷಯವಾಗಲಿ ಸಕ್ಕರೆ ಕಾಯಿಲೆಯಾಗಲಿ ಮೆಲ್ಲಗೆ ಬರುತ್ತದೆ. ಮನೆಯವರು ಅದರ ಜೊತೆಗೇ ಕಲಿಯುತ್ತ ಹೋಗುತ್ತಾರೆ. ಲಕ್ವ ಹಾಗಲ್ಲ. ನಿನ್ನೆ ಸಂಜೆ ತೋಟಕ್ಕೆ ಹೋಗಿ ಬಂದವರು ಇಂದು ಮಗ್ಗುಲು ಬದಲಿಸಲಾರರು. ಮನೆಯವರೂ ಒಂದೇ ರಾತ್ರಿಯಲ್ಲಿ ದಾದಿಯರಾಗಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಕ್ತದೊತ್ತಡದ ಗುಳಿಗೆಯನ್ನು 'ಈಗ ಆರಾಮಾಯಿತು' ಎಂದು ಬಿಟ್ಟರೆ ಎರಡನೆಯ ಪೆಟ್ಟು ಕಾದಿರುತ್ತದೆ. ರೋಗಿ ಕಾರಣವಿಲ್ಲದೆ ಅಳುತ್ತಾರೆ, ರೇಗುತ್ತಾರೆ, ಮಂಕಾಗಿ ಕುಳಿತುಬಿಡುತ್ತಾರೆ; ಇದು ಸ್ವಭಾವವಲ್ಲ, ರೋಗದ ಭಾಗವೆಂದು ತಿಳಿದಿರದಿದ್ದರೆ ಮನೆಯೊಳಗೆ ಮನಸ್ತಾಪ ಬೆಳೆಯುತ್ತದೆ.

ಎಂಟು ಪ್ರಶ್ನೆಗಳ ಮಾಪಕ

ಮನೆಯವರ ಸಿದ್ಧತೆಯನ್ನು ಅಳೆಯಲು ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ಸಾಧನವೊಂದಿದೆ. ಅಮೆರಿಕದ ಆರೆಗಾನ್ ಪ್ರಾಂತದ ಶುಶ್ರೂಷಾ ಸಂಶೋಧಕಿಯರಾದ ಪೆಟ್ರೀಷಿಯಾ ಆರ್ಚ್‌ಬೋಲ್ಡ್, ಬಾರ್ಬರಾ ಸ್ಟೂವರ್ಟ್ ಮತ್ತು ಅವರ ಸಂಗಡಿಗರು ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಕಾಣಿಸಿಕೊಂಡಿತು. ಅವರು ನೋಡಿದ್ದು ಲಕ್ವದ ರೋಗಿಗಳನ್ನು ಮಾತ್ರವಲ್ಲ, ಆಸ್ಪತ್ರೆಯಿಂದ ಮನೆಗೆ ಮರಳಿದ ವೃದ್ಧರನ್ನು. ಆರೈಕೆ ಮಾಡುವವರ ಬಳಲಿಕೆಯನ್ನು ಎರಡು ಸಂಗತಿಗಳು ಒಂದಿಷ್ಟು ಹಗುರ ಮಾಡುತ್ತವೆಂದು ಅವರು ಕಂಡರು: ಒಂದು, ರೋಗಿಗೂ ಆರೈಕೆ ಮಾಡುವವರಿಗೂ ನಡುವಿನ ಬಾಂಧವ್ಯ, ಇನ್ನೊಂದು, ಸಿದ್ಧತೆ. ಇವೆರಡೂ ಬೇರೆ ಬೇರೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇರುತ್ತದೆಂದು ಹೇಳಲಾಗದು. ನಮ್ಮ ಮನೆಯೇ ಅದಕ್ಕೆ ಸಾಕ್ಷಿ.

ಮಾಪಕದಲ್ಲಿ ಎಂಟು ಪ್ರಶ್ನೆಗಳಿವೆ. ನನ್ನ ಮಾತಿನಲ್ಲಿ ಅವುಗಳ ಸಾರ ಹೀಗೆ:

೧. ರೋಗಿಯ ದೈಹಿಕ ಅಗತ್ಯಗಳನ್ನು ನೋಡಿಕೊಳ್ಳುವುದು.
೨. ಅವರ ಮನಸ್ಸಿನ ಅಗತ್ಯಗಳನ್ನು ನೋಡಿಕೊಳ್ಳುವುದು.
೩. ದೊರೆಯುವ ಸೇವೆ ಸೌಲಭ್ಯಗಳನ್ನು ತಿಳಿದು ಏರ್ಪಡಿಸಿಕೊಳ್ಳುವುದು.
೪. ಆರೈಕೆಯಿಂದ ತನಗಾಗುವ ಒತ್ತಡವನ್ನು ತಾಳಿಕೊಳ್ಳುವುದು.
೫. ಆರೈಕೆಯು ಇಬ್ಬರಿಗೂ ಹಿತವಾಗುವಂತೆ ಮಾಡುವುದು.
೬. ತುರ್ತು ಪ್ರಸಂಗವನ್ನು ನಿಭಾಯಿಸುವುದು.
೭. ಆಸ್ಪತ್ರೆ ಮತ್ತು ಆರೋಗ್ಯ ವ್ಯವಸ್ಥೆಯಿಂದ ಬೇಕಾದ ನೆರವು, ಮಾಹಿತಿ ಪಡೆಯುವುದು.
೮. ಒಟ್ಟಿನಲ್ಲಿ ತನ್ನ ಸಿದ್ಧತೆ ಎಷ್ಟು ಎಂಬುದು.

ಪ್ರತಿಯೊಂದಕ್ಕೂ ೦ಯಿಂದ ೪ರವರೆಗೆ ಅಂಕ. 'ಸ್ವಲ್ಪವೂ ಇಲ್ಲ' ಎಂದರೆ ೦, 'ಬಹಳ ಚೆನ್ನಾಗಿ' ಎಂದರೆ ೪. ಎಂಟನ್ನೂ ಕೂಡಿಸಿ ಎಂಟರಿಂದ ಭಾಗಿಸಿದರೆ ಸರಾಸರಿ. ಕೊನೆಯಲ್ಲಿ ಅಂಕವಿಲ್ಲದ ಇನ್ನೊಂದು ಪ್ರಶ್ನೆಯುಂಟು: ಇನ್ನೂ ಯಾವ ವಿಷಯದಲ್ಲಿ ಸಿದ್ಧತೆ ಬೇಕೆನಿಸುತ್ತದೆ? ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಪ್ರಶ್ನೆಯೇ ಎಂಟಕ್ಕೂ ಸಮನಾದುದು.

ಸರಾಸರಿಯು ಮುಚ್ಚಿಡುವುದೇನು?

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ಮಗ ಎಂಟು ಪ್ರಶ್ನೆಗಳಿಗೂ ಎರಡೆರಡು ಅಂಕ ಹೇಳಿದನೆನ್ನಿ. ಮೊತ್ತ ೧೬, ಸರಾಸರಿ ೨. ಇನ್ನೊಂದು ಮನೆಯಲ್ಲಿ ಒಬ್ಬ ಹೆಂಡತಿ ಪ್ರಶ್ನೆಗಳ ಕ್ರಮದಲ್ಲಿಯೇ ೪, ೩, ೦, ೨, ೩, ೦, ೧, ೩ ಎಂದಳೆನ್ನಿ. ಅವಳ ಮೊತ್ತವೂ ೧೬, ಸರಾಸರಿಯೂ ೨. ಕಾಗದದ ಮೇಲೆ ಇಬ್ಬರೂ ಸಮಾನರು. ಆದರೆ ನಡುರಾತ್ರಿ ರೋಗಿಗೆ ಪುನಃ ಲಕ್ವ ಹೊಡೆದರೆ ಆ ಹೆಂಡತಿಗೆ ದಿಕ್ಕೇ ತೋಚುವುದಿಲ್ಲ. ಆರನೆಯ ಪ್ರಶ್ನೆಯಲ್ಲಿ ಅವಳು ಸೊನ್ನೆ. ಆದ್ದರಿಂದ ಸರಾಸರಿ ಸಂಶೋಧಕರಿಗೆ ಬೇಕಾದದ್ದು. ಮನೆಗೆ ಬೇಕಾದದ್ದು ಯಾವ ಪ್ರಶ್ನೆಯಲ್ಲಿ ಸೊನ್ನೆ ಬಂತೆಂಬ ತಿಳಿವಳಿಕೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಈ ಮಾಪಕವು ಅಳೆಯುವುದು ಅನಿಸಿಕೆಯನ್ನು, ಕೌಶಲವನ್ನಲ್ಲ. ಅಪ್ಪಯ್ಯನನ್ನು ಆಗ ಕೇಳಿದ್ದರೆ, ಏಳಿಸಿ ಕೂರಿಸುವ ವಿಷಯದಲ್ಲಿ ನಾಲ್ಕಕ್ಕೆ ನಾಲ್ಕು ಕೊಟ್ಟುಕೊಳ್ಳುತ್ತಿದ್ದ. ಅದೇ ಹೊತ್ತಿನಲ್ಲಿ ಭುಜವನ್ನು ಕೆಡಿಸುತ್ತಿದ್ದ. ಹಾಗೆಯೇ ಎಲ್ಲ ಬಲ್ಲ ಹೆಂಗಸೊಬ್ಬಳು ಸಂಕೋಚದಿಂದ ಒಂದು ಎನ್ನಬಹುದು. ಆದಕಾರಣ ಕೇಳುವುದರ ಜೊತೆಗೆ 'ಹೇಗೆ ಮಾಡುತ್ತೀರಿ, ಒಮ್ಮೆ ತೋರಿಸಿ' ಎನ್ನುವುದೂ ಇರಬೇಕು. ಹಾಗಿದ್ದರೆ ಅನಿಸಿಕೆಯನ್ನು ಅಳೆಯುವುದೇಕೆ ಎಂದರೆ, ಧೈರ್ಯವಿಲ್ಲದ ಕೈ ಬಲ್ಲ ಕೆಲಸವನ್ನೂ ಮಾಡದು. ತನಗೆ ತಿಳಿಯದೆಂದು ಅನಿಸಿದವರೇ ಕಲಿಯಲು ಮುಂದೆ ಬರುವವರು.

ಭಾಷೆಯ ತೊಡಕು

ಮಾಪಕವನ್ನು ಕನ್ನಡಕ್ಕೆ ತರುವುದು ಸುಲಭವೆಂದು ಮೊದಲು ನಾನೂ ಭಾವಿಸಿದ್ದೆ. ಆದರೆ ಮೂಲದ ಒಂದೇ ಪದಕ್ಕೆ ನಮ್ಮಲ್ಲಿ ಎರಡು ಅರ್ಥಗಳು ಹೊರಡುತ್ತವೆ. 'ನೀವು ತಯಾರಿದ್ದೀರಾ?' ಎಂದರೆ ನಮ್ಮ ಹಳ್ಳಿಯಲ್ಲಿ 'ನಿಮಗೆ ಮನಸ್ಸಿದೆಯೆ? ಒಪ್ಪಿಗೆಯೆ?' ಎಂದೇ ಅರ್ಥ. ಈ ಪ್ರಶ್ನೆಗೆ ಯಾವ ಸೊಸೆ 'ಇಲ್ಲ' ಎನ್ನುವಳು? ಯಾವ ಹೆಂಡತಿ ಎನ್ನುವಳು? ಅದು ಅವಳ ಧರ್ಮದ ಪ್ರಶ್ನೆಯಾಗಿ, ಮನೆತನದ ಮಾನದ ಪ್ರಶ್ನೆಯಾಗಿ ಕಿವಿಗೆ ಬೀಳುತ್ತದೆ. ವೈದ್ಯರು ಕೇಳಿದ್ದು ಸಿದ್ಧತೆಯನ್ನು. ಅಮ್ಮಮ್ಮ ಉತ್ತರಿಸಿದ್ದು ಒಪ್ಪಿಗೆಯನ್ನು. ಇಬ್ಬರದೂ ತಪ್ಪಲ್ಲ, ಆದರೆ ಆ ಒಂದು ಪದದ ಸಂದಿನಲ್ಲಿ ಅಜ್ಜನ ಎದೆಗೆ ಗಂಜಿ ಇಳಿಯಿತು.

ಆದ್ದರಿಂದ ಪ್ರಶ್ನೆಯನ್ನು ಒಡೆದು ಕೇಳಬೇಕು. 'ಉಣಿಸುವುದು, ಮಗ್ಗುಲು ಬದಲಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಇವನ್ನೆಲ್ಲ ಹೇಗೆ ಮಾಡಬೇಕೆಂದು ನಿಮಗೆ ಎಷ್ಟು ಗೊತ್ತಿದೆ? ಎಷ್ಟು ಧೈರ್ಯವಿದೆ?' ಎಂದರೆ ಉತ್ತರವೂ ನೆಟ್ಟಗೆ ಬರುತ್ತದೆ. ಮಾಪಕಗಳನ್ನು ಭಾಷಾಂತರಿಸುವವರಲ್ಲಿ ಒಂದು ಪದ್ಧತಿಯುಂಟು: ಒಬ್ಬರು ಕನ್ನಡಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡನ್ನೂ ಹೋಲಿಸಿ ದೋಷ ಹುಡುಕುತ್ತಾರೆ. ಒಳ್ಳೆಯ ಪದ್ಧತಿಯೇ ಸರಿ. ಆದರೆ 'ತಯಾರಿ' ಎಂಬ ಪದ ಮರಳಿ ಹೋದಾಗ ಮೂಲದ ಪದವೇ ಆಗಿ ನಿಲ್ಲುತ್ತದೆ. ದೋಷ ಕಾಣುವುದೇ ಇಲ್ಲ. ಅದು ಕಾಣಬೇಕಾದರೆ ಜಗಲಿಯ ಮೇಲೆ ಕುಳಿತು, ಕೇಳಿದ ಪ್ರಶ್ನೆಯಿಂದ ನಿಮಗೇನು ತಿಳಿಯಿತು ಎಂದು ಮನೆಯವರನ್ನೇ ವಿಚಾರಿಸಬೇಕು.

ಮೂರು ತಾಲ್ಲೂಕುಗಳಲ್ಲಿ

ಕನ್ನಡವೊಂದೇ ಸಾಲದೆಂಬುದನ್ನೂ ಹೇಳಬೇಕು. ಶಿರಸಿ ಸಿದ್ದಾಪುರಗಳ ಹವ್ಯಕರ ಮನೆಮಾತಿಗೂ ಪುಸ್ತಕದ ಕನ್ನಡಕ್ಕೂ ಅಂತರವುಂಟು. ಯಲ್ಲಾಪುರದ ಕಾಡಂಚಿನ ಸಿದ್ದಿಯರ ಮನೆಮಾತು ಕೊಂಕಣಿಯ ಬಗೆಯದು. ಗೌಳಿಗಳದು ಮರಾಠಿಯ ಬಗೆಯದು. ಅಚ್ಚುಹಾಕಿದ ಕಾಗದವನ್ನು ಕೈಗಿತ್ತು ಬಂದರೆ ಏನೂ ಆಗದು, ಬಾಯಿಮಾತಿನಲ್ಲೇ ಕೇಳಬೇಕು. ಅಂಕ ಹೇಳಲು ಬಾರದವರ ಮುಂದೆ ನಾಲ್ಕು ಅಡಿಕೆ ಇಟ್ಟು 'ನಿಮ್ಮ ಧೈರ್ಯ ಎಷ್ಟು ಅಡಿಕೆಯಷ್ಟು?' ಎಂದು ಕೇಳಬಹುದು. ಒಂದನ್ನೂ ಮುಟ್ಟದಿದ್ದರೆ ಸೊನ್ನೆ.

ಪ್ರಶ್ನೆಗಳ ಅರ್ಥವೂ ಇಲ್ಲಿಯ ನೆಲಕ್ಕೆ ತಕ್ಕಂತೆ ಬದಲಾಗುತ್ತದೆ. ಆರನೆಯ ಪ್ರಶ್ನೆಯನ್ನೇ ನೋಡಿ. ಪಟ್ಟಣದಲ್ಲಿ ತುರ್ತು ಪ್ರಸಂಗವೆಂದರೆ ವಾಹನ ಕರೆಯುವುದು. ನಮ್ಮಲ್ಲಿ ೨೦೦೮ರಿಂದ ೧೦೮ರ ಆಂಬುಲೆನ್ಸ್ ಸೇವೆಯಿದ್ದರೂ, ಫೋನಿನ ಸಿಗ್ನಲ್ ಸಿಗುವ ದಿಬ್ಬ ಯಾವುದು, ರೋಗಿಯನ್ನು ರಸ್ತೆಯ ತನಕ ಹೊತ್ತು ತರುವವರು ಯಾರು, ಮಳೆಯಲ್ಲಿ ಕಾಲುಸಂಕ ದಾಟಲು ಬರುತ್ತದೆಯೆ ಎಂಬುದೆಲ್ಲ ಸಿದ್ಧತೆಗೆ ಸೇರಿದೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ೧೦೦ ಕಿಲೋಮೀಟರು, ಯಲ್ಲಾಪುರದಿಂದ ಸುಮಾರು ೭೦. ದೊಡ್ಡ ಆಸ್ಪತ್ರೆಯೊಂದು ಜಿಲ್ಲೆಗೇ ಬೇಕೆಂದು ಉತ್ತರ ಕನ್ನಡದ ಜನ ೨೦೧೯ರಲ್ಲಿ ದನಿಯೆತ್ತಿದ್ದು ಸುಮ್ಮನೆ ಅಲ್ಲ. ನಾಲ್ಕೂವರೆ ಗಂಟೆಯ ಲೆಕ್ಕ ಹಾಕಿ ನೋಡಿದರೆ ಅದರ ಅರ್ಥ ತಿಳಿಯುತ್ತದೆ.

ಋತುವಿನ ಮಾತೂ ಉಂಟು. ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವ ಕೆಲಸ ಅರ್ಧರಾತ್ರಿಯವರೆಗೂ ನಡೆಯುತ್ತದೆ. ಆಗ ಕೇಳಿದ ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರವೇ ಬೇರೆ, ಬೇಸಿಗೆಯಲ್ಲಿ ಬರುವುದೇ ಬೇರೆ. ಕೂಲಿಯಿಂದ ಬದುಕುವ ಮನೆಯಲ್ಲಿ ಒಬ್ಬರು ರೋಗಿಯ ಬಳಿ ಕುಳಿತರೆ ಆ ದಿನದ ಕೂಲಿ ಹೋಯಿತು. ಎಂಟು ಪ್ರಶ್ನೆಗಳಲ್ಲಿ ಎಲ್ಲಿಯೂ ಈ ಮಾತಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಎಪ್ಪತ್ತು ದಾಟಿದ ಹೆಂಡತಿ ಎಂಬತ್ತು ದಾಟಿದ ಗಂಡನನ್ನು ಎತ್ತಬೇಕಾಗಿರುವ ಮನೆಗಳು ನಮ್ಮ ಸುತ್ತ ಹೆಚ್ಚುತ್ತಿವೆ. ಅಲ್ಲಿ ಸಿದ್ಧತೆಯೆಂದರೆ ತೋಳಿನ ಬಲವೂ ಹೌದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಯಾರನ್ನು ಕೇಳಬೇಕೆಂಬುದು. ಮನೆಗೆ ಹೋದವರೊಡನೆ ಜಗಲಿಯಲ್ಲಿ ಕುಳಿತು ಮಾತಾಡುವವರು ಯಜಮಾನರು. ಮೈ ಒರೆಸುವವಳು, ಹಾಸಿಗೆ ಬದಲಿಸುವವಳು ಅಡಿಗೆಮನೆಯಲ್ಲಿರುತ್ತಾಳೆ. ಯಾರ ಕೈ ಕೆಲಸ ಮಾಡುತ್ತದೆಯೋ ಅವರನ್ನೇ ಕೇಳಬೇಕು; ಅದೂ ಹಿರಿಯರು ಎದುರಿಗಿಲ್ಲದಾಗ.

ಕಲಿಸಿದರೆ ಫಲವುಂಟೆ?

ಅಳೆದು ಕೊರತೆ ಕಂಡ ಮೇಲೆ ಕಲಿಸಬೇಕಷ್ಟೆ. ಕಲಿಸಿದರೆ ಫಲವುಂಟೆ? ಇಲ್ಲಿ ಸತ್ಯವನ್ನು ಮುಚ್ಚಿಡಬಾರದು. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ೩೦೦ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮನೆಯವರಿಗೆ ಶಿಕ್ಷಣ ಕೊಟ್ಟಾಗ ಅವರ ಹೊರೆ ತಗ್ಗಿತು, ಖರ್ಚೂ ಇಳಿಯಿತು. ಆದರೆ ಅದೇ ಶಿಕ್ಷಣಕ್ರಮವನ್ನು ಅಲ್ಲಿಯ ೩೬ ಕೇಂದ್ರಗಳಿಗೆ ಹರಡಿ, ೯೨೮ ರೋಗಿಗಳೂ ಅವರ ಮನೆಯವರೂ ಸೇರಿದ ಪರೀಕ್ಷೆ ನಡೆಸಿದಾಗ, ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲಿಯೂ ೧೪ ಆಸ್ಪತ್ರೆಗಳ ೧,೨೫೦ ರೋಗಿಗಳನ್ನು ಒಳಗೊಂಡ 'ಅಟೆಂಡ್' ಎಂಬ ಪರೀಕ್ಷೆ ನಡೆಯಿತು, ೨೦೧೭ರಲ್ಲಿ ಪ್ರಕಟವಾಯಿತು. ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿದ ಗುಂಪಿನಲ್ಲಿಯೂ, ಕಲಿಸದ ಗುಂಪಿನಲ್ಲಿಯೂ, ಆರು ತಿಂಗಳ ಮೇಲೆ ಮೃತರಾದವರು ಅಥವಾ ಪರಾಧೀನರಾಗಿ ಉಳಿದವರು ನೂರಕ್ಕೆ ೪೭ರಷ್ಟೇ.

ಹಾಗಾದರೆ ಕಲಿಸುವುದು ವ್ಯರ್ಥವೆ? ಆತುರದಲ್ಲಿ ಹಾಗೆ ತೀರ್ಮಾನಿಸಲಾಗದು. ಸತ್ತ ಮಿದುಳಿನ ಭಾಗವನ್ನು ಮನೆಯವರ ಕೈ ಮರಳಿ ತರಲಾರದೆಂಬುದು ಒಂದು ಪಾಠ. ಅದಕ್ಕಿಂತ ದೊಡ್ಡ ಪಾಠ ಕಾಲಕ್ಕೆ ಸಂಬಂಧಿಸಿದ್ದು. ಲಕ್ವ ಹೊಡೆದ ಮೊದಲ ವಾರ ಮನೆಯವರು ದಿಗ್ಭ್ರಾಂತರಾಗಿರುತ್ತಾರೆ. ಆಗ ಹೇಳಿದ್ದು ತಲೆಗೆ ಹೋಗದು. ೨೦೧೩ರ ಪರೀಕ್ಷೆ ನಡೆಸಿದವರೂ ಈ ಸಂಶಯವನ್ನು ಎತ್ತಿದ್ದಾರೆ. ಮನೆಗೆ ಬಂದು ಹದಿನೈದು ದಿನ ಕಳೆದ ಮೇಲೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಆಗ ಹೇಳುವವರು ಯಾರೂ ಹತ್ತಿರ ಇರುವುದಿಲ್ಲ. ಆದ್ದರಿಂದ ಸಿದ್ಧತೆಯನ್ನು ಒಮ್ಮೆ ಅಳೆದು ಬಿಡದೆ, ಆಸ್ಪತ್ರೆಯಿಂದ ಹೊರಡುವಾಗ, ತಿಂಗಳ ಮೇಲೆ, ಮೂರು ತಿಂಗಳ ಮೇಲೆ, ಹೀಗೆ ಮತ್ತೆ ಮತ್ತೆ ಕೇಳಬೇಕು. ಕೊರತೆ ಕಂಡಲ್ಲಿ ಆಗಲೇ ಕಲಿಸಬೇಕು.

ನಾವು ಮಾಡಬಹುದಾದುದು

೨೦೨೨ರಲ್ಲಿ ನಮ್ಮ ರಾಜ್ಯ ಸರಕಾರವು ನಿಮ್ಹಾನ್ಸ್ ಸಂಸ್ಥೆಯೊಡನೆ ಸೇರಿ ಮಿದುಳಿನ ಆರೋಗ್ಯಕ್ಕಾಗಿ ಒಂದು ಯೋಜನೆಯನ್ನು ಆರಂಭಿಸಿತು. ಪಾರ್ಶ್ವವಾಯು ಅದರಲ್ಲಿ ಸೇರಿದೆ. ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಇವರ ಕೆಲಸಕ್ಕೆ ನಾವು, ಕಲಾ ವಿಭಾಗದ ವಿದ್ಯಾರ್ಥಿಗಳು, ಏನು ಕೂಡಿಸಬಲ್ಲೆವು? ಔಷಧ ಕೊಡಲಾರೆವು, ಆದರೆ ಕೇಳುವುದನ್ನು ಬಲ್ಲೆವು. ಮೂರು ತಾಲ್ಲೂಕುಗಳ ಮನೆಮಾತುಗಳೂ ನಮ್ಮ ತರಗತಿಯಲ್ಲಿಯೇ ಇವೆ. ಎಂಟು ಪ್ರಶ್ನೆಗಳನ್ನು ಆ ಮಾತುಗಳಿಗೆ ತಂದು, ಮನೆಯವರ ಒಪ್ಪಿಗೆ ಪಡೆದು, ಹೆಸರು ಬರೆಯದೆ, ಕೆಲವೇ ಮನೆಗಳಲ್ಲಿ ಕೇಳಿ ನೋಡಬಹುದು. ಹತ್ತು ಮನೆಗಳ ಉತ್ತರದಿಂದ ಜಿಲ್ಲೆಯ ಸ್ಥಿತಿಯನ್ನು ಸಾರಲಾಗದು, ನಿಜ. ಆದರೆ ಪ್ರಶ್ನೆ ಸರಿಯಾಗಿ ತಲುಪಿತೋ ಇಲ್ಲವೋ ಎಂದು ತಿಳಿಯಲು ಹತ್ತು ಮನೆ ಸಾಕು. ಸೊನ್ನೆ ಬಂದ ಮನೆಯ ಸುದ್ದಿಯನ್ನು, ಅವರು ಒಪ್ಪಿದರೆ, ಆಶಾ ಕಾರ್ಯಕರ್ತೆಗೆ ಮುಟ್ಟಿಸುವುದು ನಮ್ಮ ಹೊಣೆ. ಕೇಳಿ ಸುಮ್ಮನೆ ಬರುವುದು ಅಧ್ಯಯನವೆನಿಸದು.

ಕಳೆದ ತಿಂಗಳು ಊರಿಗೆ ಹೋದಾಗ ಈ ಪ್ರಶ್ನೆಗಳನ್ನು ಅಮ್ಮಮ್ಮನಿಗೇ ಕೇಳಿದೆ. ಅಜ್ಜ ಈಗ ಕೋಲೂರಿ ಜಗಲಿಯ ತನಕ ಬರುತ್ತಾನೆ. ಮೂರು ನಾಲ್ಕು ಮಾತು ಮರಳಿವೆ. ಉಣಿಸುವುದಕ್ಕೆ ಅವಳು ನಾಲ್ಕು ಅಡಿಕೆಯನ್ನೂ ತನ್ನತ್ತ ಎಳೆದುಕೊಂಡಳು. ಕೊನೆಯ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನಿದ್ದು, "ರಾತ್ರಿ ಯಂಗೇ ಎಂತಾರು ಆದ್ರೆ ಇವ್ರನ್ನ ನೋಡವ್ರು ಯಾರು ಹೇಳಿ ಯಂಗೆ ಗೊತ್ತಿಲ್ಲೆ" ಎಂದಳು. ಎರಡು ವರ್ಷಗಳಲ್ಲಿ ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದು ಸಂಜೆಯೇ ಅಪ್ಪಯ್ಯನೂ ಪಕ್ಕದ ಮನೆಯವರೂ ಕುಳಿತು, ರಾತ್ರಿ ಕರೆದರೆ ಯಾರು ಬರಬೇಕೆಂದು ಗೊತ್ತುಮಾಡಿದರು. ಅಮ್ಮಮ್ಮನ ಮಂಚದ ಬಳಿ ಒಂದು ಗಂಟೆಯನ್ನೂ ಕಟ್ಟಿದರು.

ಅಳತೆಗೋಲಿನ ಬೆಲೆ ಅದು ಕೊಡುವ ಅಂಕದಲ್ಲಿ ಮಾತ್ರವಿಲ್ಲ. ಅದು ಆಡಿಸುವ ಮಾತಿನಲ್ಲಿಯೂ ಇದೆ. ಮಿತ್ರರು ತಮ್ಮ ತಮ್ಮ ಊರುಗಳಲ್ಲಿ ಇಂತಹ ಮನೆಯೊಂದಕ್ಕೆ ಹೋದಾಗ ರೋಗಿಯ ಕ್ಷೇಮ ವಿಚಾರಿಸಿದ ಮೇಲೆ ಅಡಿಗೆಮನೆಯತ್ತಲೂ ಒಮ್ಮೆ ತಿರುಗಿ, "ನಿಮಗೆ ಯಾವುದು ತಿಳಿಯದಾಗಿದೆ?" ಎಂದು ಕೇಳಬೇಕೆಂದು ನನ್ನ ಪ್ರಾರ್ಥನೆ.